ಬಿಪಿ ಅಕ್ಕನ ಮನೆಯ ಒಂಬತ್ತು ಸೊನ್ನೆ

ನಮ್ಮ ಆರೋಗ್ಯ ಕೇಂದ್ರದ ಸುತ್ತಲಿನ ಹನ್ನೊಂದು ಬೀದಿಗಳಲ್ಲಿ ಅವಳ ನಿಜವಾದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ರಕ್ತದೊತ್ತಡ ನೋಡುವ ಯಂತ್ರದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹತ್ತೊಂಬತ್ತು ವರ್ಷದಿಂದ ಮನೆಮನೆ ತಿರುಗುವವಳು ಎಲ್ಲರಿಗೂ ಬಿಪಿ ಅಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಅಜ್ಜಿಯರಿಗೂ ಅಕ್ಕನೇ. ಕೇಂದ್ರದ ಔಷಧಿ ಕಿಟಕಿಯಲ್ಲಿ ಕೂತು ಮಾತ್ರೆ ಕೊಡುವ ನಾನೂ ಹಾಗೇ ಕರೆಯುತ್ತೇನೆ, ಅವಳ ಗಂಡನನ್ನು ಭಾವ ಅನ್ನುತ್ತೇನೆ. ನಾನು ಸ್ವಲ್ಪ ಸಿಡುಕ ಅನ್ನುವುದು ಸುಳ್ಳಲ್ಲ. ಆದರೆ ಅವಳೊಂದಿಗೆ ಸಿಡುಕಿ ಗೆದ್ದವರು ಯಾರೂ ಇಲ್ಲ.

ಮಾತ್ರೆ ನುಂಗಿದೆ ಎಂದು ಸುಳ್ಳು ಹೇಳುವವರನ್ನು ಅವಳು ಮುಖ ನೋಡಿಯೇ ಹಿಡಿಯುತ್ತಾಳೆ. ಒಬ್ಬ ದರ್ಜಿ ಮೂರು ತಿಂಗಳ ಮಾತ್ರೆಯನ್ನು ಗುಂಡಿಯ ಡಬ್ಬಿಯಲ್ಲಿ ಬಚ್ಚಿಟ್ಟಿದ್ದ. ಅವಳು ಡಬ್ಬಿ ಅಲ್ಲಾಡಿಸಿ, ಸದ್ದು ಕೇಳಿ, ಮುಚ್ಚಳ ತೆಗೆದಿದ್ದಳು. ಅವನ ಹೆಂಡತಿಯ ಎದುರಿಗೇ ಕಿವಿ ಹಿಂಡಿ ಬಂದಳಂತೆ.

ಹೋದ ವರ್ಷ ಮೇಲಿನಿಂದ ಸುತ್ತೋಲೆ ಬಂತು. ಇನ್ನು ಮೇಲೆ ಮೈಯ ಜೊತೆ ಮನಸ್ಸನ್ನೂ ವಿಚಾರಿಸಬೇಕು. ಮನಸ್ಸು ಕುಗ್ಗಿದವರು ತಾವಾಗಿ ವೈದ್ಯರ ಬಳಿ ಬರುವುದು ಅಪರೂಪ, ಬಂದರೂ ತಲೆನೋವು, ಬೆನ್ನುನೋವು ಎಂದೇ ಬರುತ್ತಾರೆ, ಆದ್ದರಿಂದ ಪರಿಚಯದ ಕಾರ್ಯಕರ್ತೆಯರೇ ಮನೆಗೆ ಹೋಗಿ ಒಂಬತ್ತು ಪ್ರಶ್ನೆ ಕೇಳಬೇಕು ಎಂದು ಅದರಲ್ಲಿತ್ತು. ಉತ್ತರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಸೊನ್ನೆ ಅಂದರೆ ಏನೂ ತೊಂದರೆ ಇಲ್ಲ, ಅಂಕ ಏರಿದಷ್ಟೂ ಮನಸ್ಸು ಕುಗ್ಗಿದೆ ಎಂದರ್ಥ. ಮನಸ್ಸಿಗೂ ಒಂದು ಫಾರಂ ಬಂತಲ್ಲಪ್ಪ ಎಂದು ನಾನು ಮೂಗು ಮುರಿದೆ. ಮೂರು ತಿಂಗಳಲ್ಲಿ ಆ ಫಾರಂ ಹಿಡಿದುಕೊಂಡು ನನ್ನ ಕಿಟಕಿಗೆ ಬಂದವರನ್ನು ನೋಡಿ ಬಾಯಿ ಮುಚ್ಚಿಕೊಂಡೆ. ಹಗಲೆಲ್ಲ ನಗುನಗುತ್ತಾ ಬ್ರೆಡ್ಡು ಮಾರುವ ಹೆಂಗಸೂ ಅವರಲ್ಲಿ ಇದ್ದಳು.

ಮಿಕ್ಕ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟವಳು ಬಿಪಿ ಅಕ್ಕನೇ. ಪ್ರಶ್ನೆಯನ್ನು ಬರೆದಿದ್ದ ಹಾಗೇ ಓದಬೇಕು, ಗೊತ್ತಿರುವ ಮನೆ ಅಂತ ಊಹೆ ಮಾಡಿ ತುಂಬಬಾರದು, ಸ್ವಂತ ಮನೆಯವರನ್ನು ಬೇರೆ ಕಾರ್ಯಕರ್ತೆಯಿಂದಲೇ ಕೇಳಿಸಬೇಕು ಎಂದು ಅವರ ತಲೆಗೆ ಹೊಡೆದು ಕೂರಿಸಿದ್ದಳು. ಅಂಥವಳು ತನ್ನ ಗಂಡನ ಫಾರಮನ್ನು ಅಡುಗೆಮನೆಯಲ್ಲಿ ನಿಂತೇ ಕಾಫಿ ಕುಡಿಯುತ್ತಾ ತಾನೇ ತುಂಬಿದ್ದಳು. ಅವನು ಆಗ ಹಿಂದಿನ ಕೋಣೆಯಲ್ಲಿ ಅವಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ. ಒಂಬತ್ತು ಪ್ರಶ್ನೆಗೆ ಒಂಬತ್ತು ಸೊನ್ನೆ. ಇದು ನನಗೆ ಗೊತ್ತಾದದ್ದು ಆಮೇಲೆ.

ಅವಳನ್ನು ಬೈಯುವುದಕ್ಕೂ ಮನಸ್ಸು ಬರುವುದಿಲ್ಲ. ಭಾವನನ್ನು ನೋಡಿದ ಯಾರೇ ಆದರೂ ಸೊನ್ನೆಯನ್ನೇ ಬರೆಯುತ್ತಿದ್ದರು. ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಎರಡು ವರ್ಷದ ಹಿಂದೆ ಮಂಡಿ ಕೈಕೊಟ್ಟಿತು, ಕಂಪನಿ ಮನೆಗೆ ಕಳಿಸಿತು. ಅಂದಿನಿಂದ ಅಡುಗೆ, ಬಟ್ಟೆ, ನೀರು ಎಲ್ಲ ಅವನದೇ. ಊರವರನ್ನೆಲ್ಲ ಮೇಲೆ ಹತ್ತಿಸಿ ಹತ್ತಿಸಿ ಕೊನೆಗೆ ನಾನೇ ಕೆಳಗೆ ಉಳಿದುಬಿಟ್ಟೆ ಎನ್ನುತ್ತಿದ್ದ, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಾನೂ ಎಷ್ಟೋ ಸಲ ನಕ್ಕಿದ್ದೇನೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಕೆಲಸ ಸರಿಯಾಗಿ ನಡೆದಿದೆಯೇ ಎಂದು ನೋಡಲು ಹತ್ತು ಮನೆಗೆ ಒಂದರಂತೆ ಚೀಟಿ ಎತ್ತಿ, ಬೇರೆಯವರು ಹೋಗಿ ಮತ್ತೆ ಕೇಳಬೇಕಿತ್ತು. ಜನ ಸಾಲದೆ ನನ್ನನ್ನೂ ಎಳೆದುಕೊಂಡರು. ನನಗೆ ಬಂದ ಚೀಟಿಗಳಲ್ಲಿ ಒಂದು ಬಿಪಿ ಅಕ್ಕನ ಮನೆಯದು. ಅವಳಿಗೆ ನಗು. ನಿಮ್ಮ ಭಾವ ನಿನಗೇ ಒಂಬತ್ತು ಪ್ರಶ್ನೆ ಕೇಳಿ ಕಳಿಸುತ್ತಾರೆ, ಹುಷಾರು ಎಂದು ಹೇಳಿ ಚೀಲ ಏರಿಸಿಕೊಂಡು ಹೊರಟಳು.

ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. ಭಾವ ಕುರ್ಚಿ ಒರೆಸಿ ಕೂರಿಸಿದ. ಮೊದಲ ಪ್ರಶ್ನೆಗೆ ತಮಾಷೆ ಮಾಡಿದ. ನಾನು ನಗದೆ ಎರಡನೆಯದನ್ನು ಓದಿದೆ. ಅವನು, ಮೊದಲನೆಯದನ್ನೇ ಇನ್ನೊಮ್ಮೆ ಓದು ಎಂದ. ಆಮೇಲೆ ಎಲ್ಲದಕ್ಕೂ ನೆಟ್ಟಗೆ ಉತ್ತರ ಕೊಟ್ಟ. ಹೆಚ್ಚುಕಡಿಮೆ ದಿನವೂ ಬೇಸರ. ನಿದ್ದೆ ಇಲ್ಲ, ಆದರೆ ಪಕ್ಕದಲ್ಲಿ ಮಲಗಿದವಳಿಗೆ ಗೊತ್ತಾಗಬಾರದೆಂದು ಕಣ್ಣು ಮುಚ್ಚಿಕೊಂಡಿರುತ್ತಾನಂತೆ. ಒಂಬತ್ತನೆಯ ಪ್ರಶ್ನೆ, ತಾನು ಬದುಕಿಲ್ಲದಿದ್ದರೇ ವಾಸಿ ಅನ್ನಿಸಿದೆಯೇ ಎಂಬುದು. ಅದಕ್ಕೆ ಅವನು, “ಹೂಂ, ಕೆಲವು ದಿನ” ಎಂದ.

ಅಂಥ ಉತ್ತರ ಬಂದರೆ ಮುಂದೇನು ಕೇಳಬೇಕೆಂದು ಫಾರಂ ಹಿಂದೆಯೇ ಬರೆದಿತ್ತು, ಕೇಳಿದೆ. ಇವತ್ತು ಅಂಥ ಯೋಚನೆ ಇಲ್ಲ, ಏನೂ ಮಾಡಿಕೊಳ್ಳುವುದಿಲ್ಲ ಎಂದ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಮನೆಯವರೊಬ್ಬರಿಗೆ ವಿಷಯ ತಿಳಿದಿರಬೇಕು ಎಂಬುದು ನಿಯಮ. ಮೊದಲನೆಯದಕ್ಕೆ ಒಪ್ಪಿದ. ಎರಡನೆಯದಕ್ಕೆ ಕೈಮುಗಿದ.

“ಅವಳಿಗೆ ಮಾತ್ರ ಬೇಡ ತಮ್ಮಾ. ದಿನಾ ಮೂವತ್ತು ಮನೆ ಕಷ್ಟ ಕೇಳ್ಕೊಂಡು ಬರ್ತಾಳೆ. ಮೂವತ್ತೊಂದನೇದು ನಾನ್ಯಾಕಾಗ್ಲಿ?”

ನನಗೆ ಸಿಟ್ಟೇ ಬಂತು. ಎರಡು ವರ್ಷ ಒಬ್ಬನೇ ಹೊತ್ತದ್ದು ಸಾಲದೇ ಭಾವ ಎಂದು ಗದರಿಸಿದೆ. ಕೇಂದ್ರಕ್ಕೆ ಕರೆದುಕೊಂಡು ಹೋದಾಗ ನಮ್ಮ ಡಾಕ್ಟರಮ್ಮ ಗದರಿಸಲಿಲ್ಲ. ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಅವನ ಮಾತು ಕೇಳಿದರು, ಮಾತ್ರೆ ಬರೆದರು, ಗುರುವಾರ ಬರುವ ಮನೋವೈದ್ಯರನ್ನು ಕಾಣಲು ಸಮಯ ಗೊತ್ತು ಮಾಡಿದರು. ಮನೆಯಲ್ಲಿ ಜೊತೆಗಿರುವವರು ಯಾರು ಎಂದು ಕೇಳಿದಾಗ ಅವನ ಹತ್ತಿರ ಹೆಂಡತಿಯ ಹೊರತು ಬೇರೆ ಉತ್ತರ ಇರಲಿಲ್ಲ. ಕೊನೆಗೆ, ನಾನೇ ಹೇಳುತ್ತೇನೆ, ನೀನು ಪಕ್ಕದಲ್ಲಿರಬೇಕು ಎಂದು ನನಗೆ ಷರತ್ತು ಹಾಕಿದ.

ನಾವಿಬ್ಬರೂ ಮನೆಗೆ ವಾಪಸಾಗಿ ಕೂತಿದ್ದಾಗ, ಸಂಜೆ ಐದಕ್ಕೆ ಬಿಪಿ ಅಕ್ಕ ಬಂದಳು. ಚೀಲ ಇಳಿಸಿ, ಕಾಲು ತೊಳೆದು, ಇನ್ನೂ ಮುಗಿದಿಲ್ಲವೇ ನಿಮ್ಮ ಪ್ರಶ್ನೋತ್ತರ ಎಂದು ನನ್ನನ್ನು ಕೆಣಕಿದಳು. ಭಾವ ಎದ್ದು ನಿಂತು, ಬದುಕು ಸಾಕು ಅನ್ನಿಸಿಬಿಟ್ಟಿದೆ ಕಣೇ, ಡಾಕ್ಟರ ಹತ್ತಿರ ಹೋಗಿ ಬಂದೆ ಎಂದ.

ಅವಳು ನಕ್ಕಳು. ಮೂವತ್ತು ವರ್ಷದ ರೂಢಿ, ಅವನು ಬಾಯಿ ತೆಗೆದರೆ ಅವಳಿಗೆ ನಗು. ನಗುತ್ತಲೇ ನನ್ನ ಕಡೆ ನೋಡಿದಳು. ನನ್ನ ಮುಖ ನೋಡಿದವಳೇ ನಗು ನಿಲ್ಲಿಸಿ, ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದನ್ನು ನಾನು ಅಂದು ಕಣ್ಣಾರೆ ಕಂಡೆ.

ಕೂತಲ್ಲಿಂದಲೇ, “ನಾನು ನಿಮ್ಮನ್ನ ಕೇಳಲೇ ಇಲ್ಲ ಕಣ್ರೀ. ನಾನೇ ಬರ್ಕೊಂಡ್ಬಿಟ್ಟೆ” ಎಂದಳು.

“ಕೇಳಿದ್ರೂ ಇಲ್ಲ ಅಂತಲೇ ಹೇಳ್ತಿದ್ದೆ ಬಿಡು.”

“ಹೇಳ್ತಿದ್ರೇನೋ. ಆದ್ರೂ ಕೇಳ್ಬೇಕಿತ್ತು.”

ಮಾರನೆಯ ದಿನ ಮೇಲ್ವಿಚಾರಕರ ಮುಂದೆ ನಿಂತು ತಾನು ಮಾಡಿದ್ದನ್ನು ಒಪ್ಪಿಕೊಂಡಳು, ಒಂದು ತಿಂಗಳು ಆ ಕೆಲಸದಿಂದ ಅವಳನ್ನು ದೂರ ಇಟ್ಟರು. ಗುರುವಾರಗಳಂದು ಭಾವನ ಜೊತೆ ಈಗ ಅವಳೂ ಬೆಂಚಿನ ಮೇಲೆ ಕೂತು ಸರದಿ ಕಾಯುತ್ತಾಳೆ. ಅವನ ಅಂಕ ಇಳಿಯುತ್ತಿದೆ, ನಿಧಾನವಾಗಿ. ನಡುವೆ ಒಮ್ಮೆ ಏರಿತ್ತು ಕೂಡ.

ಆದರೆ ನನಗೆ ನೆನಪಿರುವುದು ಅವತ್ತಿನ ಸಂಜೆ. ನಾನು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆ. ಒಳಗೆ ಅವಳು, ಇವತ್ತು ಬೆಳಿಗ್ಗೆ ಎದ್ದಾಗ ನಿಮಗೆ ಹೇಗನ್ನಿಸಿತು ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಯಾವ ಫಾರಮಿನಲ್ಲೂ ಇಲ್ಲದ ಪ್ರಶ್ನೆ ಅದು. ಅವನು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಅವನ ಪರವಾಗಿ ಅವಳೂ ಕೊಡಲಿಲ್ಲ.