ಕೊಡೆಯವನ ಧಾಟಿ

ನನ್ನ ಸೋದರಮಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕ್ರೇನ್ ಆಪರೇಟರ್. ದಿನವಿಡೀ ಎತ್ತರದಲ್ಲಿ ಕೂತು ಲಿವರ್ ಎಳೆದು ಬಂದ ಮನುಷ್ಯ ಮನೆಯಲ್ಲಾದರೂ ಕೈಕಟ್ಟಿ ಕೂರಬೇಕಲ್ಲ? ಕೂರುತ್ತಿರಲಿಲ್ಲ. ತೊಂಬತ್ತರ ದಶಕದ ನಡುವೆ ಒಮ್ಮೆ ಬೋನಸ್ ಬಂದಾಗ, ಮಿಕ್ಸಿ ಕೆಟ್ಟು ಕೂತಿದೆ, ಹೊಸದು ತನ್ನಿ ಎಂದು ಅತ್ತೆ ಅವರನ್ನು ಶಿವಮೊಗ್ಗದ ಗಾಂಧಿ ಬಜಾರಿಗೆ ಕಳಿಸಿದರು. ಮಾವ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಹೊತ್ತು ತಂದರು. ಅಲ್ಲಿಂದ ಎಷ್ಟೋ ದಿನ ಅತ್ತೆ ಬರಿ ದೋಸೆ ಬಡಿಸಿದರು. "ಚಟ್ನಿ ಎಲ್ಲೇ?" ಎಂದು ಮಾವ ಕೇಳಿದರೆ, "ಆ ಡಬ್ಬಿ ಒಳಗೆ ರುಬ್ಕೊಳ್ಳಿ" ಎನ್ನುತ್ತಿದ್ದರು.

ನಾನು ಶಿವಮೊಗ್ಗದ ರವೀಂದ್ರನಗರದವಳು. ರಜೆ ಬಂತೆಂದರೆ ಭದ್ರಾವತಿ ಬಸ್ಸು ಹತ್ತಿ ಮಾವನ ಕ್ವಾರ್ಟರ್ಸಿಗೆ ಓಡುತ್ತಿದ್ದೆ. ಆ ಗೇಮಿನ ಕ್ಯಾಸೆಟ್ ಮೇಲೆ ಲಕ್ಷಾಂತರ ಆಟಗಳಿವೆ ಎಂದು ಬರೆದಿತ್ತು. ಒಳಗೆ ನೋಡಿದರೆ ಏಳೆಂಟು ಆಟ, ಅವನ್ನೇ ಬಣ್ಣ ಬದಲಿಸಿ ಮತ್ತೆ ಮತ್ತೆ ಕೂರಿಸಿದ್ದರು. ಅದರಲ್ಲಿ ಒಂದು ಮಾತ್ರ ಮಾವನಿಗೆ ಪ್ರಾಣ. ಕೊಡೆ ಹಿಡಿದ ಒಬ್ಬ ಪುಟ್ಟ ಮನುಷ್ಯ ಮನೆಗಳ ಮಾಡಿನ ಮೇಲೆ ಹಾರಿ ಹಾರಿ ಹೋಗಿ, ಆಮೇಲೆ ತೇಲುವ ದಿಮ್ಮಿಗಳ ಮೇಲೆ ಕಾಲಿಟ್ಟು ಹೊಳೆ ದಾಟಬೇಕು. ಆಟದ ಹೆಸರು ನಮಗೆ ಓದಲು ಬಾರದ ಯಾವುದೋ ಲಿಪಿಯಲ್ಲಿತ್ತು. ನಾವು ಕೊಡೆಯವನು ಎಂದು ಕರೆದೆವು. ಮೀನು ಹಾರಿ ಬಡಿದು ಕೊಡೆಯವನು ಸತ್ತಾಗಲೆಲ್ಲ ಮಾವ ಬಟನ್ ಸರಿಯಿಲ್ಲ ಎನ್ನುತ್ತಿದ್ದರು. ಕುಣಿಯಲಾರದವರಿಗೆ ನೆಲ ಡೊಂಕು.

ಕೊಡೆಯವನು ಹೊಳೆಗೆ ಬಂದೊಡನೆ ಸಂಗೀತ ಬದಲಾಗುತ್ತಿತ್ತು. ಅದುವರೆಗೆ ಗಡಿಬಿಡಿಯಲ್ಲಿದ್ದ ರಾಗ ತಟ್ಟನೆ ಹಗುರಾಗಿ, ಏರಿ, ಇಳಿದು, ಮತ್ತೆ ಮೊದಲಿಗೆ ಬಂದು ಸೇರುತ್ತಿತ್ತು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಅತ್ತೆಯ ಕಿವಿಗೆ ಅದು ಬಿತ್ತು. ನಮ್ಮತ್ತೆ ಕ್ವಾರ್ಟರ್ಸಿನ ಸೋಮವಾರದ ಭಜನೆಗೆ ಮುಂದಾಳು. ಪದ ಕಟ್ಟುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಒಂದು ದಿನ ನಾವು ಆಡುತ್ತಿರುವಾಗ ಒಳಗಿನಿಂದ ದನಿ ಬಂತು: "ಹೊಳೆಯ ದಾಟಿಸೋ ಶಂಭೋ, ಕೊಡೆಯಾಗಿ ಬಾರೋ." ಗೇಮಿನ ರಾಗಕ್ಕೆ ಅಕ್ಷರ ಅಕ್ಷರವೂ ಕೂತಿತ್ತು. ಮಾವ ಆಟ ಬಿಟ್ಟು ಬಾಯಿ ತೆರೆದು ನೋಡಿದರು. ಕೊಡೆಯವನು ಹೊಳೆಗೆ ಬಿದ್ದ.

ಆ ಪದ ಇಡೀ ಸಾಲಿನ ಮನೆಗಳಿಗೆ ಹಬ್ಬಿತು. ಪಕ್ಕದ ಮನೆಯ ತಮಿಳು ಅಮ್ಮ ದಮಡಿ ಬಾರಿಸುತ್ತಿದ್ದರು, ಎದುರು ಮನೆಯ ತೆಲುಗಿನವರು ತಾಳ ಹಾಕುತ್ತಿದ್ದರು. ಆ ಮಂಡಳಿಯಲ್ಲಿ ಒಂದು ಪದ್ಧತಿ ಇತ್ತು. ಹಾಡುವ ಮೊದಲು ಧಾಟಿ ಯಾವುದೆಂದು ಹೇಳಲೇಬೇಕು. ಇಂಥ ಸಿನಿಮಾದ್ದು, ಇಂಥ ನಾಟಕದ್ದು, ಕುಂಸಿಯ ನಮ್ಮಜ್ಜಿ ಬೀಸುವಾಗ ಹೇಳುತ್ತಿದ್ದದ್ದು, ಹೀಗೆ. ಹೇಳದೆ ಹಾಡಿದರೆ ಅತ್ತೆಯ ಪ್ರಕಾರ ಅದು ಪಕ್ಕದ ಮನೆಯ ಹೂ ಕಿತ್ತು ತಂದು ದೇವರಿಗೆ ಏರಿಸಿದಂತೆ. ಈ ಪದಕ್ಕೆ ಮಾತ್ರ ಅತ್ತೆ ಸಲೀಸಾಗಿ, "ಧಾಟಿ, ನಮ್ಮನೆಯವರ ಗೇಮಿಂದು" ಎನ್ನುತ್ತಿದ್ದರು. ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ.

ಕಂಡದ್ದು ಶಿವಮೊಗ್ಗದ ಭಜನೆ ಸ್ಪರ್ಧೆಯಲ್ಲಿ. ಸಿನಿಮಾ ಧಾಟಿ ಕೂಡದು ಎಂಬ ನಿಯಮವಿತ್ತು. ಬೇರೆ ಮಂಡಳಿಗಳು ತಮ್ಮ ಪದಗಳನ್ನೆಲ್ಲ ಬಿಟ್ಟು ಪೇಚಾಡುತ್ತಿದ್ದರೆ, ಅತ್ತೆ ಮೈಕಿನ ಮುಂದೆ ನಿಂತು, "ಧಾಟಿ, ವಿಡಿಯೋ ಗೇಮಿಂದು" ಎಂದರು. ಸಭೆ ಘೊಳ್ಳೆಂದು ನಕ್ಕಿತು. ಹಾಡು ಶುರುವಾದ ಮೇಲೆ ಯಾರೂ ನಗಲಿಲ್ಲ. ತೀರ್ಪುಗಾರರು ನಿವೃತ್ತ ಸಂಗೀತದ ಮೇಷ್ಟ್ರು. ನಿಯಮದಲ್ಲಿ ಸಿನಿಮಾ ಎಂದಷ್ಟೇ ಇದೆ, ಇದು ಸಿನಿಮಾ ಅಲ್ಲವಲ್ಲ ಎಂದು ಒಪ್ಪಿಕೊಂಡು ಎರಡನೆಯ ಬಹುಮಾನ ಕೊಟ್ಟರು. ಕೊಡುತ್ತಾ ಒಂದು ಮಾತು ಕೇಳಿದರು.

"ಬಹಳ ಚೆನ್ನಾಗಿದೆ ತಾಯಿ. ಈ ಧಾಟಿ ಕಟ್ಟಿದವರು ಯಾರು?"

"ಗೊತ್ತಿಲ್ಲ ಸಾರ್."

"ಅಯ್ಯೋ, ಇಂಥಾ ಧಾಟಿ ಕಟ್ಟಿದವರ ಹೆಸರೇ ಗೊತ್ತಿಲ್ಲದೆ ಹಾಡ್ತಿದ್ದೀರಲ್ಲ."

ಪಾಪ, ಅವರು ಚುಚ್ಚಿ ಹೇಳಿದ್ದಲ್ಲ. ಆದರೆ ಅತ್ತೆಗೆ ಚುಚ್ಚಿತು. ಬಹುಮಾನದ ಸ್ಟೀಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಭದ್ರಾವತಿ ತನಕ ಅದರ ಮುಚ್ಚಳ ತೆಗೆದು ಹಾಕುತ್ತಾ ಬಂದರು. ಮನೆಗೆ ಬಂದು ಘೋಷಿಸಿಬಿಟ್ಟರು: "ಕಟ್ಟಿದವರ ಹೆಸರು ಸಿಗೋ ತನಕ ನಾನು ಆ ಪದ ಹಾಡಲ್ಲ."

ಹಾಡಲೇ ಇಲ್ಲ. ಪ್ರತಿ ಸೋಮವಾರ ದಮಡಿಯ ಅಮ್ಮ "ಪಾಡುಂಗ ಅಕ್ಕಾ, ಹಾಡಿ, ಅದೇ ಹೊಳೇದು" ಎಂದು ಅಂಗಲಾಚುವುದು, ಅತ್ತೆ ಬೇರೆ ಪದ ಎತ್ತಿಕೊಳ್ಳುವುದು. ಪಾತ್ರೆ ತೊಳೆಯುವಾಗ ಅದೇ ರಾಗ ತುಟಿಗೆ ಬಂದರೆ ಬಾಯಿ ಬಿಗಿಹಿಡಿದು ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದರು. ಅಷ್ಟು ಇಷ್ಟದ ಪದವನ್ನು ಹೀಗೆ ಕತ್ತು ಹಿಸುಕಿ ಇಟ್ಟಿದ್ದಾರಲ್ಲ ಎಂದು ನನಗೆ ಸಂಕಟ, ಅದಕ್ಕಿಂತ ಹೆಚ್ಚು ಸಿಟ್ಟು. ಮಾವ ನಕ್ಕು ತಳ್ಳಿಹಾಕುತ್ತಿದ್ದರು: "ನಿಮ್ಮತ್ತೆ ಹಟಕ್ಕೆ ನಮ್ಮ ಕ್ರೇನೂ ಸಾಲಲ್ಲ ಮಾರಾಯ್ತಿ, ಎತ್ತೋಕಾಗಲ್ಲ." ಕೊನೆಗೆ ಗೇಮೂ ಕೆಟ್ಟು ಅಟ್ಟ ಸೇರಿತು.

ನಾನು ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಎಂ.ಎ. ಓದಲು ಬಸ್ಸಿನಲ್ಲಿ ಓಡಾಡುವ ಹೊತ್ತಿಗೆ ಹೊಸ ಶತಮಾನ ಬಂದಿತ್ತು. ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಕೆಫೆಯಲ್ಲಿ ಒಂದು ಸಂಜೆ, ಹಳೆಯ ವಿಡಿಯೋ ಗೇಮುಗಳ ಸಂಗೀತ ಕಳೆದುಹೋಗದಂತೆ ಕೂಡಿಡುವ ಒಂದು ವಿಕಿ ಕಣ್ಣಿಗೆ ಬಿತ್ತು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಜಾಲತಾಣ. ಒಂದೊಂದು ರಾಗಕ್ಕೂ ಒಂದು ಪುಟ, ಕಟ್ಟಿದವರ ಹೆಸರಿಗೆಂದೇ ಒಂದು ಜಾಗ. ಆಟದ ಹೆಸರು ತಿಳಿಯದ್ದರಿಂದ ಚಿತ್ರಗಳನ್ನೇ ನೋಡುತ್ತಾ ಅತ್ತೆಯ ಕೊಡೆಯವನನ್ನು ಹುಡುಕಿದೆ. ಇರಲಿಲ್ಲ. ಹಾಗಾದರೆ ನಾನೇ ಸೇರಿಸಿದರೆ ಗುರುತಿಸುವವರು ಯಾರಾದರೂ ಬಂದಾರು ಎನಿಸಿತು.

ಸೇರಿಸುವವರಿಗೆಂದು ಅಲ್ಲಿ ಉದ್ದನೆಯ ಸೂಚನೆಗಳಿದ್ದವು. ಮಡಿ ಹೆಂಗಸರ ಅಡುಗೆಮನೆಗೂ ಅಷ್ಟು ಕಟ್ಟಳೆ ಇರಲಾರದು. ಗುನುಗಿ ಕಳಿಸಬೇಡಿ. ಟಿವಿ ಮುಂದೆ ಮೈಕ್ ಇಟ್ಟು ಹಿಡಿಯಬೇಡಿ, ಯಂತ್ರದಿಂದಲೇ ವೈರ್ ಎಳೆಯಿರಿ. ಜಿಗಿತದ, ಹೊಡೆತದ ಸದ್ದು ಸಂಗೀತದ ಮೇಲೆ ಬೀಳಬಾರದು. ರಾಗ ಪೂರ್ತಿ ಎರಡು ಸುತ್ತು ಬರಬೇಕು, ಆಮೇಲೆ ಮೆಲ್ಲಗೆ ಇಳಿಯಬೇಕು. ಹೆಸರು ತಿಳಿಯದಿದ್ದರೆ ನೀವೇ ಹೆಸರಿಡಬೇಡಿ. ಕ್ಯಾಸೆಟ್ಟಿನ ಬಾಯಿಗೆ ಊದಬೇಡಿ, ಪುಡಿ ಹಾಕಿ ಉಜ್ಜಬೇಡಿ. ಇದನ್ನೆಲ್ಲ ಓದಿ ಒಂದು ಕ್ಷಣ ಕೈಬಿಟ್ಟೇಬಿಡೋಣ ಎನಿಸಿತು. ಆದರೂ ಭಾನುವಾರ ಬೆಳಿಗ್ಗೆಯೇ ಭದ್ರಾವತಿಗೆ ಹೋದೆ.

ಮಾವ ಅಟ್ಟ ಹತ್ತಿ ಗೇಮ್ ಇಳಿಸಿದರು. ಕೆಟ್ಟದ್ದು ಯಂತ್ರವಲ್ಲ, ಕ್ಯಾಸೆಟ್ಟಿನ ಬಾಯಿಯ ತಾಮ್ರದ ಗೆರೆಗಳು ಕಪ್ಪಾಗಿದ್ದವು. ಮಾವ ಊದಿದರು, ಮತ್ತೆ ಊದಿದರು. ಪರದೆ ಮೇಲೆ ಬರೀ ಚೌಕುಳಿ. ನಾನು ಒರೆಸಲು ಸ್ಪಿರಿಟ್ ತರಲೆಂದು ಮೆಡಿಕಲ್ ಶಾಪಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ದೇವರ ಮುಂದಿನ ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ಬೆಳ್ಳಿ ದೀಪ ತಿಕ್ಕುವ ಹಾಗೆ ಹಳೆ ಪಂಚೆಯ ಚೂರಿನಲ್ಲಿ ಕ್ಯಾಸೆಟ್ಟಿನ ಗೆರೆಗಳನ್ನು ತಿಕ್ಕಿಬಿಟ್ಟಿದ್ದರು.

"ಅತ್ತೆ! ಪುಡಿ ಹಾಕಿ ಉಜ್ಜಬಾರದು ಅಂತ ಬರೆದಿದ್ದಾರೆ!"

"ವಿಭೂತಿ ಹಚ್ಚಬಾರ್ದು ಅಂತ ಬರ್ದಿದ್ದಾರಾ?" ಎಂದರು ಮಾವ. "ಇಲ್ವಲ್ಲ. ಸುಮ್ನಿರು."

ಗೆರೆಗಳು ಫಳಫಳ ಹೊಳೆಯುತ್ತಿದ್ದವು. ಕೊಡೆಯವನು ಪರದೆಯ ಮೇಲೆ ಎದ್ದು ನಿಂತ. ಅದು ಶಿವನ ಕೃಪೆಯೋ ಬೂದಿಯ ಗುಣವೋ ಎಂದು ಮನೆಯಲ್ಲಿ ಇಂದಿಗೂ ವಾದ ನಡೆಯುತ್ತದೆ.

ಈಗ ನಿಜವಾದ ಕಷ್ಟ ಶುರುವಾಯಿತು. ಗೇಮಿನಿಂದ ಟೇಪ್ ರೆಕಾರ್ಡರಿಗೆ ವೈರ್ ಎಳೆದೆವು. ಆದರೆ ಕೊಡೆಯವನು ಜಿಗಿದರೆ ಟುಂಯ್ ಎನ್ನುತ್ತದೆ, ಜಿಗಿಯದೆ ನಿಂತರೆ ಮೀನು ಬಂದು ಬಡಿಯುತ್ತದೆ. ಸದ್ದಿಲ್ಲದೆ ಎರಡು ಸುತ್ತು ಬೇಕೆಂದರೆ ಅವನು ಹೊಳೆಯ ನಡುವೆ ಎಲ್ಲೋ ಸುಮ್ಮನೆ ನಿಂತು ಬದುಕಬೇಕು. ಮೇಲಾಗಿ ಆಟದ ಸಮಯ ಮುಗಿಯುತ್ತಾ ಬಂದರೆ ರಾಗ ಓಟ ಕೀಳುತ್ತದೆ. ಗೆಲ್ಲುವುದಕ್ಕೆ ಆಡಿ ಅಭ್ಯಾಸವಾದ ಮಾವನಿಗೆ ಸುಮ್ಮನೆ ನಿಲ್ಲುವುದು ಹಿಂಸೆಯಾಯಿತು. ಕೈ ತಾನಾಗಿ ಬಟನ್ ಒತ್ತಿಬಿಡುತ್ತಿತ್ತು. ಮಧ್ಯಾಹ್ನದ ಊಟದವರೆಗೂ ಕೊಡೆಯವನು ಸತ್ತ, ಸತ್ತ, ಸಾಯುತ್ತಲೇ ಇದ್ದ.

ಅಷ್ಟರಲ್ಲಿ ಸುದ್ದಿ ಹಬ್ಬಿ ಮಂಡಳಿಯ ಹೆಂಗಸರೆಲ್ಲ ಬಾಗಿಲಲ್ಲಿ ಕೂತಿದ್ದರು. ಊಟವಾದ ಮೇಲೆ ಮಾವ ಆಟದ ಹೊಳೆಯಲ್ಲಿ ಮುರುಕು ಸೇತುವೆಯೊಂದರ ಕಲ್ಲಿನ ಸಂದು ಹುಡುಕಿದರು. ಮೀನು ಅಲ್ಲಿಗೆ ಎಟುಕುತ್ತಿರಲಿಲ್ಲ. ಕೊಡೆಯವನನ್ನು ಅಲ್ಲಿ ನಿಲ್ಲಿಸಿ ಮಾವ ರಿಮೋಟನ್ನು ನೆಲದ ಮೇಲಿಟ್ಟು, ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡರು. "ಈಗ ಪಲ್ಲವಿ ಶುರು, ಹಿಡ್ಕೋ!" ಎಂದು ಅತ್ತೆ ಸನ್ನೆ ಮಾಡಿದಾಗ ನಾನು ಟೇಪ್ ರೆಕಾರ್ಡರಿನ ಬಟನ್ ಒತ್ತಿದೆ. ಅತ್ತೆ ತೊಡೆಯ ಮೇಲೆ ತಾಳ ಹಾಕುತ್ತಾ ಕೂತರು. ವರ್ಷಗಳ ಮೇಲೆ ಆ ರಾಗ ಮನೆಯಲ್ಲಿ ತುಂಬಿತು. ಹೆಂಗಸರೆಲ್ಲ ತುಟಿ ಅಲ್ಲಾಡಿಸುತ್ತಿದ್ದರು. ಯಾರೂ ದನಿ ತೆಗೆಯಲಿಲ್ಲ. ತೆಗೆದಿದ್ದರೂ ವೈರಿನೊಳಗೆ ಹೋಗುತ್ತಿರಲಿಲ್ಲ. ಅದನ್ನು ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ಸೈಬರ್ ಕೆಫೆಯವರ ಕೈಕಾಲು ಹಿಡಿದು ಟೇಪನ್ನು ಕಂಪ್ಯೂಟರಿಗೆ ಏರಿಸಿ ಕಳಿಸಿದೆ. ಯಾವ ದೇಶದವರೋ ಗೊತ್ತಿಲ್ಲದ ಸಂಪಾದಕರೊಬ್ಬರಿಂದ ಕೆಲವು ದಿನಗಳಲ್ಲಿ ಉತ್ತರ ಬಂತು. ಇಷ್ಟು ಶುದ್ಧವಾದ ಪ್ರತಿ ಬಂದದ್ದಕ್ಕೆ ಸಂತೋಷ, ಈ ರಾಗ ನಮ್ಮಲ್ಲಿ ಇರಲೇ ಇಲ್ಲ, ಪುಟ ತೆರೆದಿದ್ದೇವೆ ಎಂದಿತ್ತು. ಹಾರಿ ಕುಣಿಯುವಂತಾಯಿತು. ಮುಂದೆ ಓದಿದೆ. ಆ ಕಾಲದ ಸಣ್ಣ ಕಂಪನಿಗಳು ಸಂಗೀತ ಕಟ್ಟಿದವರ ಹೆಸರನ್ನು ಆಟದಲ್ಲಿ ಹಾಕುತ್ತಲೇ ಇರಲಿಲ್ಲವಂತೆ. ಇದನ್ನು ಕಟ್ಟಿದವರು ಯಾರೆಂದು ಅವರಲ್ಲಿ ಯಾರಿಗೂ ತಿಳಿಯಲಿಲ್ಲ.

ಅತ್ತೆಗೆ ಹೇಳುವುದು ಹೇಗೆ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿ, ಅವರ ಮುಖ ಕಂಡೊಡನೆ ಎಲ್ಲ ಮರೆತು, "ಹೆಸರು ಸಿಗಲಿಲ್ಲ ಅತ್ತೆ" ಎಂದುಬಿಟ್ಟೆ.

ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು. "ಹಂಗಾದ್ರೆ ಅವ್ರೂ ತೆಗ್ದು ಹಾಕ್ತಾರಾ?"

"ಇಲ್ಲ. ಹೆಸರಿನ ಜಾಗದಲ್ಲಿ ಗೊತ್ತಿಲ್ಲ ಅಂತ ಬರೆದು ಇಟ್ಕೊಂಡಿದ್ದಾರೆ. ಅವರ ನಿಯಮವೇ ಹಾಗಿದೆ. ಗೊತ್ತಿಲ್ಲದಿದ್ರೆ ಊಹೆ ಮಾಡಿ ಬರೀಬಾರದು, ಹೆಸರಿಲ್ಲ ಅಂತ ರಾಗ ತೆಗೀಲೂಬಾರದು. ರಾಗ ಇದ್ರೆ ತಾನೇ ಯಾರಾದರೂ ಕೇಳಿ, ಇದು ಇಂಥವರದ್ದು ಅನ್ನೋದು?"

ಅತ್ತೆ ಮೊರದಲ್ಲಿ ಬೆರಳಾಡಿಸಿ ಒಂದು ಕಲ್ಲು ಹೆಕ್ಕಿ ಎಸೆದರು. ಆಮೇಲೆ ತಮಗೇ ಎಂಬಂತೆ ಅಂದರು: "ಹೌದಲ್ವೇನೇ. ನಾನು ಮರ್ಯಾದೆ ಕೊಡ್ತೀನಿ ಅಂತ ಬಾಯಿ ಮುಚ್ಕೊಂಡೆ. ಇಲ್ಲಿ ಅವರ ಧಾಟಿ ಇದ್ದಿದ್ದೇ ನಮ್ಮ ಬಾಯಲ್ಲಿ."

ಆ ಸೋಮವಾರ ನಾನು ಕ್ಲಾಸು ತಪ್ಪಿಸಿ ಭದ್ರಾವತಿಯಲ್ಲೇ ಉಳಿದೆ. ಭಜನೆಯ ನಡುವೆ ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಹಾಗೆ ಎದ್ದು ನಿಂತು ಅವರು ಎಂದೂ ಧಾಟಿ ಹೇಳಿದ್ದಿಲ್ಲ.

"ಮುಂದಿನ ಪದ. ಧಾಟಿ ಕಟ್ಟಿದವರು ಯಾರೋ ಗೊತ್ತಿಲ್ಲ. ಹುಡುಕ್ತಾ ಇದ್ದೀವಿ. ಎಲ್ಲಿದ್ರೂ ತಣ್ಣಗಿರ್ಲಿ."

ಹೇಳಿ ಕೂತು ಪಲ್ಲವಿ ಎತ್ತಿದರು. ತಾಳ ಸರಿಯಾಗಿ ಬಿತ್ತು, ದಮಡಿ ಮಾತ್ರ ಬರಲಿಲ್ಲ. ತಿರುಗಿ ನೋಡಿದರೆ ಪಕ್ಕದ ಮನೆಯ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು.