ಸ್ಕೋರು ಬಚ್ಚಿಡುವ ಕೆಲಸ

ನಾನು ಸೌದಿಯಲ್ಲಿದ್ದ ವರ್ಷಗಳಲ್ಲಿ ಕಂಪನಿ ನನಗೆ ಸಂಬಳ ಕೊಡುತ್ತಿದ್ದದ್ದು ಪತ್ರ ಟೈಪು ಮಾಡಲಿಕ್ಕೆ, ಫ್ಯಾಕ್ಸ್ ನೋಡಿಕೊಳ್ಳಲಿಕ್ಕೆ, ಎಲ್ಲರ ಇಕಾಮಾ, ಅಂದರೆ ವಾಸದ ಪರವಾನಗಿ, ಮತ್ತು ಪಾಸ್‌ಪೋರ್ಟುಗಳ ಲೆಕ್ಕ ಇಡಲಿಕ್ಕೆ. ಆದರೆ ನಾನು ಅತ್ಯಂತ ಶ್ರದ್ಧೆಯಿಂದ ಮಾಡುತ್ತಿದ್ದ ಕೆಲಸ ಬೇರೆಯೇ ಇತ್ತು. ಕೆನಡಾದ ಐದು ಮಂದಿ ಎಂಜಿನಿಯರುಗಳಿಗೆ ಅವರದೇ ದೇಶದ ಫುಟ್‌ಬಾಲ್ ಪಂದ್ಯಗಳ ಫಲಿತಾಂಶ ಗೊತ್ತಾಗದ ಹಾಗೆ ನೋಡಿಕೊಳ್ಳುವುದು! ಈಗಲೂ ಮನೆಗೆ ನೆಂಟರು ಬಂದಾಗ ಇದನ್ನು ಹೇಳಿ ನಗಿಸುತ್ತೇನೆ. ಅವರು ನಗುತ್ತಿರುವಾಗಲೇ ಮಾತು ಬದಲಾಯಿಸುತ್ತೇನೆ. ಕಥೆಯ ಉಳಿದ ಭಾಗವನ್ನು ಹೆಂಡತಿಗೂ ಹೇಳಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಹಫ್ರ್ ಅಲ್ ಬಾತಿನ್ ಪೇಟೆಯಿಂದ ಒಂದು ಗಂಟೆ ದೂರದಲ್ಲಿ ನೀರಿನ ಪಂಪಿಂಗ್ ಸ್ಟೇಷನ್ ಕಟ್ಟುವ ಕೆಲಸ ನಡೆಯುತ್ತಿತ್ತು. ನಮ್ಮ ಕ್ಯಾಂಪಿಗೆ ಹೊರದೇಶದ ಲೈನು ಒಂದೇ. ಫೋನೂ ಅದರಲ್ಲೇ, ಫ್ಯಾಕ್ಸೂ ಅದರಲ್ಲೇ. ಆ ಯಂತ್ರ ಇದ್ದದ್ದು ನನ್ನ ಮೇಜಿನ ಪಕ್ಕದಲ್ಲಿ. ಹೊರಗಿನಿಂದ ಯಾರಾದರೂ ಫೋನು ಮಾಡಿದರೆ ಹತ್ತು ಸಲದಲ್ಲಿ ಒಂಬತ್ತು ಸಲ ಫ್ಯಾಕ್ಸಿನ ಕೀರಲು ಸದ್ದೇ ಅವರ ಕಿವಿಗೆ ಬೀಳುತ್ತಿತ್ತು. ಹಾಗಾಗಿ ಕ್ಯಾಂಪಿಗೆ ಬರುವ ಸುದ್ದಿಯೆಲ್ಲ ಮೊದಲು ನನ್ನ ಕೈಗೇ ಬರುತ್ತಿತ್ತು.

ಆ ಐವರಲ್ಲಿ ಹಿರಿಯರಾದ ಚೀಫ್ ಎಂಜಿನಿಯರ್ ಗೋಧಿ ಬೆಳೆಯುವ ಸೀಮೆಯವರು. ಐವತ್ತು ದಾಟಿತ್ತು. ಊರಿನಲ್ಲಿ ಮುದಿ ತಾಯಿ, ತಾಯಿಯ ಜೊತೆ ತಮ್ಮ. ಆ ತಮ್ಮ ವಾರವಾರವೂ ಟಿವಿಯಲ್ಲಿ ಬರುವ ಪಂದ್ಯವನ್ನು ವಿಡಿಯೋ ಕ್ಯಾಸೆಟ್ಟಿಗೆ ತುಂಬಿಸಿ ಕಳಿಸುತ್ತಿದ್ದ. ಕ್ಯಾಸೆಟ್ಟು ಕಸ್ಟಮ್ಸಿನಲ್ಲಿ ಪರೀಕ್ಷೆಯಾಗಿ ನಮಗೆ ತಲುಪಲು ಮೂರು ವಾರ, ಕೆಲವೊಮ್ಮೆ ನಾಲ್ಕು. ಪಂದ್ಯದ ಸ್ಕೋರು ಮತ್ತು ಪತ್ರಿಕೆಯ ತುಣುಕುಗಳು ಮಾತ್ರ ಮರುದಿನವೇ ಫ್ಯಾಕ್ಸಿನಲ್ಲಿ ಬರುತ್ತಿದ್ದವು. ಅದನ್ನು ಯಾರೂ ನೋಡಬಾರದು. ನಾನು ಲಕೋಟೆಗೆ ಹಾಕಿ, ಅಂಟಿಸಿ, ಡ್ರಾಯರಿನಲ್ಲಿ ಬೀಗ ಹಾಕಿಡಬೇಕು. ಕ್ಯಾಸೆಟ್ಟು ಬಂದು, ಶುಕ್ರವಾರ ಮಧ್ಯಾಹ್ನ ಎಲ್ಲರೂ ಕೂತು ನೋಡಿ ಮುಗಿಸಿದ ಮೇಲೆ ಲಕೋಟೆ ಒಡೆಯುವುದು. ಆಗ ಪತ್ರಿಕೆಯವರು ಏನು ಬರೆದಿದ್ದಾರೆಂದು ಒಬ್ಬರು ಜೋರಾಗಿ ಓದುತ್ತಿದ್ದರು, ಉಳಿದವರು ಪತ್ರಿಕೆಯವರನ್ನು ಬೈಯುತ್ತಿದ್ದರು.

ಇದು ನಾವು ತಿಳಿದ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯ ಆಕಾರದ್ದು, ಕಾಲಿಗಿಂತ ಕೈಯಲ್ಲೇ ಹೆಚ್ಚು ಹೊತ್ತು ಇರುತ್ತದೆ. ಅಮೆರಿಕದವರ ಆಟದ ಹಾಗೇ ಅಲ್ಲವೇ ಎಂದು ನಾನು ಒಮ್ಮೆ ಕೇಳಿ ಪೇಚಿಗೆ ಸಿಕ್ಕಿದ್ದೆ. ಅಮೆರಿಕದವರಿಗೆ ನಾಲ್ಕು ಅವಕಾಶ, ನಮಗೆ ಮೂರೇ. ಅವರ ಮೈದಾನ ಗಿಡ್ಡ, ನಮ್ಮದು ಉದ್ದ. ಅವರದು ಟಿವಿಯ ಜಾಹೀರಾತಿಗಾಗಿ ಆಡುವ ಆಟ ಎಂದು ಐವರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. ಇವರ ಆಟದಲ್ಲಿ ಗೋಲಿಗೆಂದು ಒದ್ದ ಚೆಂಡು ಗುರಿ ತಪ್ಪಿದರೂ, ಎದುರಾಳಿ ಅದನ್ನು ಹಿಡಿದು ಗೋಲಿನ ಗೆರೆಯಿಂದ ಹೊರಗೆ ತರಲಾಗದಿದ್ದರೆ ಒದ್ದವರಿಗೆ ಒಂದು ಅಂಕ ಸಿಗುತ್ತದೆ. ಆ ಒಂದು ಅಂಕ ನ್ಯಾಯವೋ ಅಲ್ಲವೋ ಎಂಬ ಚರ್ಚೆ ನಾನಿದ್ದಷ್ಟು ಕಾಲವೂ ಮುಗಿಯಲಿಲ್ಲ.

ಟಿವಿಯವರ ಮೇಲಂತೂ ಅವರ ದೂರು ಒಂದೆರಡಲ್ಲ. ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ, ಆಚೆ ಬದಿಯಲ್ಲಿ ಓಡುವವನನ್ನು ತೋರಿಸುವುದಿಲ್ಲ. ಕಾಮೆಂಟರಿ ಹೇಳುವವನು ಹಳೆಯ ಆಟಗಾರ, ತನ್ನ ಹಳೆಯ ತಂಡ ಏನು ಮಾಡಿದರೂ ಸರಿ ಎನ್ನುತ್ತಾನೆ. ಜಾಹೀರಾತು ಬಂದಾಗ ಚೀಫರ ತಮ್ಮ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದ, ಮತ್ತೆ ಒತ್ತುವುದು ಸ್ವಲ್ಪ ತಡ. ಹಾಗಾಗಿ ಪ್ರತಿ ಜಾಹೀರಾತಿನ ನಂತರದ ಮೊದಲ ಆಟ ಮಾಯ. "ನಿನ್ನ ತಮ್ಮ ಅಡುಗೆಮನೆಗೆ ಹೋಗಿದ್ದಾನೆ!" ಎಂದು ಉಳಿದವರು ಕೂಗುತ್ತಿದ್ದರು. ಅಪರೂಪಕ್ಕೆ ಅವನು ನಿಲ್ಲಿಸಲು ಮರೆತು ಹಿಮದ ರಸ್ತೆಯ ಟಯರಿನ ಜಾಹೀರಾತು ಬಂದುಬಿಟ್ಟರೆ ಕೋಣೆ ಗಪ್‌ಚಿಪ್. ಪಂದ್ಯಕ್ಕಿಂತ ಹೆಚ್ಚು ಭಕ್ತಿಯಿಂದ ಐವರೂ ಆ ಟಯರನ್ನು ನೋಡುತ್ತಿದ್ದರು. ಹೊರಗೆ ಮರಳಿನ ಮೇಲೆ ನಲವತ್ತೈದು ಡಿಗ್ರಿ ಬಿಸಿಲು.

ನನ್ನನ್ನೂ ಶುಕ್ರವಾರ ಕರೆಯುತ್ತಿದ್ದರು. ಗುಮಾಸ್ತನಾದ ನನಗೆ ಎಂಜಿನಿಯರುಗಳ ವಿಲ್ಲಾದ ಸೋಫಾದಲ್ಲಿ ಜಾಗ. ಯಾಕೆಂದರೆ ಆ ಕೋಣೆಯಲ್ಲಿ ಫಲಿತಾಂಶ ಗೊತ್ತಿದ್ದವನು ನಾನೊಬ್ಬನೇ. ಪಂದ್ಯ ಬಿಗಿಯಾದಾಗಲೆಲ್ಲ ಐದು ಮುಖಗಳು ನನ್ನ ಕಡೆ ತಿರುಗುತ್ತಿದ್ದವು. ನಾನು ಇಗರ್ಜಿಯ ಮೊದಲ ಸಾಲಿನಲ್ಲಿ ಕೂತವನ ಹಾಗೆ ಗಂಭೀರವಾಗಿರುತ್ತಿದ್ದೆ. ಅವರು ನನ್ನ ಹುಬ್ಬು ಅಲುಗಿತೆಂದು ಜಗಳವಾಡುತ್ತಿದ್ದರು. ಮಂಗಳೂರಿನಲ್ಲಿ ನನ್ನ ಮುಖವನ್ನು ಯಾರೂ ಅಷ್ಟು ನೋಡಿದ್ದಿಲ್ಲ. ನನಗೆ ಅದು ತಲೆಗೇರಿತ್ತು. ಸುಳ್ಳು ಯಾಕೆ ಹೇಳಲಿ.

ಸೆಪ್ಟೆಂಬರಿನ ಒಂದು ಸೋಮವಾರ ಬೆಳಿಗ್ಗೆ ಫ್ಯಾಕ್ಸ್ ಬಂತು. ಒಂದೇ ಹಾಳೆ. ಮೇಲೆ ದೊಡ್ಡದಾಗಿ ಸ್ಕೋರು: ಚೀಫರ ತಂಡ ಒಂದೇ ಅಂಕದಿಂದ ಸೋತಿತ್ತು. ಕೆಳಗೆ ತಮ್ಮನ ಕೈಬರಹದಲ್ಲಿ ಮೂರು ಸಾಲು. "ಅಮ್ಮನಿಗೆ ಹುಷಾರಿಲ್ಲ. ನಿನ್ನನ್ನು ಕೇಳುತ್ತಿದ್ದಾಳೆ. ಫೋನಿನಲ್ಲಿ ನೀನು ಸಿಗುತ್ತಿಲ್ಲ, ಇದು ಸಿಕ್ಕಿದ ಕೂಡಲೇ ಮಾತಾಡು."

ನಾನು ಓದಿದೆ. ಪೂರ್ತಿ ಓದಿದೆ. ಓದಿದಾಗ ನನಗೆ ಗಾಬರಿಯಾಗಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ನನ್ನ ತಾಯಿಯ ಪ್ರತಿಯೊಂದು ಕಾಗದವೂ ಹುಷಾರಿಲ್ಲ ಎಂದೇ ಶುರುವಾಗುತ್ತಿತ್ತು. ಮೊಣಗಂಟು ನೋವು, ಕಣ್ಣು ಮಂಜು, ಇನ್ನೊಮ್ಮೆ ನಿನ್ನ ಮುಖ ನೋಡುತ್ತೇನೋ ಇಲ್ಲವೋ. ಗಲ್ಫಿನಲ್ಲಿದ್ದ ನಮಗೆಲ್ಲ ಅಂಥ ಕಾಗದಗಳು ಬರುತ್ತಿದ್ದವು. ಓದಿ, ಮಡಚಿ, ಡ್ಯೂಟಿಗೆ ಹೋಗುತ್ತಿದ್ದೆವು. ಬಿಳಿಯರ ತಾಯಂದಿರು ಹಾಗೆ ಸುಮ್ಮನೆ ಬರೆಸುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ. ಹಾಳೆ ಕೊಟ್ಟರೆ ಸ್ಕೋರು ಬಯಲಾಗುತ್ತದೆ, ಬಾಯಲ್ಲೇ ಹೇಳೋಣ ಎಂದುಕೊಂಡು ಲಕೋಟೆಗೆ ಹಾಕಿ ಅಂಟಿಸಿದೆ.

ಊಟದ ಹೊತ್ತಿಗೆ ಹೇಳಲೆಂದೇ ಮೆಸ್ಸಿಗೆ ಹೋದೆ. ಐವರೂ ಒಂದೇ ಮೇಜಿನಲ್ಲಿದ್ದರು. ನನ್ನನ್ನು ಕಂಡದ್ದೇ ಅವರಲ್ಲಿ ಕಿರಿಯವನು ಚಮಚ ಎತ್ತಿ, "ಬಂತು, ಬಂತು! ಅವನ ಮುಖ ನೋಡಿ!" ಎಂದ. ಚೀಫ್ ಕನ್ನಡಕ ಏರಿಸಿ ನನ್ನನ್ನು ದಿಟ್ಟಿಸಿದರು. "ಸೋತಿದ್ದೇವೆ" ಎಂದರೊಬ್ಬರು. "ಇಲ್ಲ, ಗೆದ್ದರೂ ಇವನು ಹೀಗೇ" ಎಂದರು ಇನ್ನೊಬ್ಬರು. ಎಲ್ಲರೂ ನಗುತ್ತಿದ್ದರು. ನಾನು ನನ್ನ ಇಗರ್ಜಿಯ ಮುಖ ಹಾಕಿಕೊಂಡು ಒಂದು ನಿಮಿಷ ಹಾಗೇ ನಿಂತೆ, ಮತ್ತೆ ಏನೂ ಹೇಳದೆ ತಿರುಗಿ ನಡೆದೆ. ಬೆನ್ನ ಹಿಂದೆ ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನನಗೆ ಖುಷಿ ಕೊಟ್ಟಿತು.

ಮಂಗಳವಾರ ಚೀಫ್ ದೂರದ ಸೈಟಿಗೆ ಹೋಗಿದ್ದರು. ನಾಳೆ ಹೇಳಿದರಾಯಿತು ಎಂದುಕೊಂಡೆ. ಬುಧವಾರ ಬೆಳಿಗ್ಗೆ ಎರಡನೆಯ ಫ್ಯಾಕ್ಸ್ ಬಂತು. "ಅಮ್ಮ ಹೋದಳು. ಕೊನೆಯವರೆಗೂ ನಿನ್ನ ಫೋನಿಗೆ ಕಾದಳು. ಯಾಕೆ ಮಾಡಲಿಲ್ಲ?"

ಅದನ್ನು ಹಿಡಿದು ಸೈಟಿಗೆ ಓಡಿದೆ. ಚೀಫ್ ಹೆಲ್ಮೆಟ್ಟು ತೆಗೆದು ಓದಿದರು. ಎರಡು ಸಲ ಓದಿದರು. ಆಮೇಲೆ, "ಫೋನಿಗೆ ಕಾದಳು ಅಂದರೇನು? ಇದಕ್ಕೆ ಮೊದಲು ಏನಾದರೂ ಬಂದಿತ್ತಾ?" ಎಂದು ಕೇಳಿದರು.

"ಇಲ್ಲ ಸರ್" ಎಂದೆ.

ಯೋಚಿಸಿ ಹೇಳಿದ ಮಾತಲ್ಲ ಅದು. ಬಾಯಿಗೆ ಬಂತು, ಹೇಳಿದೆ. ಒಂದು ಸಲ ಹೇಳಿದ ಮೇಲೆ ಅದರ ಹಿಂದೆಯೇ ನಡೆಯಬೇಕಾಯಿತು. ಅಂದು ನಾನು ಮಾಡಿದ ಓಡಾಟ ಹೇಳತೀರದು. ಪಾಸ್‌ಪೋರ್ಟು ತೆಗೆದುಕೊಂಡು ಪೇಟೆಗೆ ಹೋದೆ, ನಮ್ಮ ವೀಸಾದ ಯಜಮಾನನಾದ ಕಫೀಲನ ಮನುಷ್ಯನನ್ನು ಹಿಡಿದು ಸಹಿ ಹಾಕಿಸಿದೆ, ಯಲ್ಲಾ ಯಲ್ಲಾ ಎಂದು ಡ್ರೈವರನ ಪ್ರಾಣ ತಿಂದೆ. ದೇಶ ಬಿಟ್ಟು ಮರಳಲು ಬೇಕಾದ, ವಾರ ಹಿಡಿಯುವ ಎಕ್ಸಿಟ್-ರೀಎಂಟ್ರಿ ವೀಸಾ ಸಂಜೆಯೊಳಗೆ ಕೈಗೆ ಬಂತು. ಚೀಫ್ ಕಾರು ಹತ್ತುವಾಗ ನನ್ನ ಎರಡೂ ಕೈ ಹಿಡಿದು, "ಇದನ್ನು ನಾನು ಮರೆಯುವುದಿಲ್ಲ" ಎಂದರು. ತಾಯಿಯನ್ನು ಮಣ್ಣು ಮಾಡುವ ಹೊತ್ತಿಗೆ ಅವರು ತಲುಪಿದರು.

ಎರಡು ವಾರದ ನಂತರ ವಾಪಸು ಬಂದರು. ಬಂದ ದಿನ ನನ್ನ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತರು. ಹಾಗೆ ಅವರು ಹಿಂದೆಂದೂ ಕೂತವರಲ್ಲ.

"ನನ್ನ ತಮ್ಮ ಸೋಮವಾರವೇ ಫ್ಯಾಕ್ಸ್ ಕಳಿಸಿದೆ ಅಂತಾನೆ" ಎಂದರು. "ಅಷ್ಟು ಜನರ ಎದುರಿಗೆ, ಸಮಾಧಿಯ ಹತ್ತಿರವೇ ನಾನವನಿಗೆ ಸುಳ್ಳುಗಾರ ಅಂದೆ. ನಮ್ಮ ಕ್ಯಾಂಪಿನ ಗುಮಾಸ್ತ ಒಂದು ಹಾಳೆಯನ್ನೂ ಕಳೆದುಹಾಕುವವನಲ್ಲ ಅಂದೆ. ಬರುವಾಗ ಅವನು ಬಾಗಿಲಿಗೂ ಬರಲಿಲ್ಲ."

ನನ್ನ ಮೊಣಕಾಲು ತಾಗುತ್ತಿದ್ದ ಡ್ರಾಯರಿನೊಳಗೆ ಆ ಲಕೋಟೆ ಇತ್ತು. ನಾನು, "ಹೌದಾ ಸರ್" ಎಂದೆ.

ಸಂಜೆ ರೂಮಿನಲ್ಲಿ ಚಾ ಕುಡಿಯುತ್ತಿದ್ದಾಗ ತಡೆಯಲಾಗದೆ ನನ್ನ ರೂಮಿನ ಜೊತೆಗಾರರೊಬ್ಬರಿಗೆ ಎಲ್ಲ ಹೇಳಿಬಿಟ್ಟೆ. ಉಡುಪಿ ಕಡೆಯ ಬ್ಯಾರಿಗಳು ಅವರು, ಕ್ಯಾಂಪಿನ ಮೆಸ್ಸಿನಲ್ಲಿ ಹೆಡ್ ಕುಕ್ಕು, ನನಗಿಂತ ಹತ್ತು ವರ್ಷ ದೊಡ್ಡವರು. ಊರಿನ ರೂಢಿಯಂತೆ, ಕ್ರಿಶ್ಚಿಯನನಾದ ನನ್ನನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದರು. ಹೇಳಿ ಮುಗಿಸುವವರೆಗೂ ಅವರು ಲೋಟ ಬಾಯಿಗೆ ಮುಟ್ಟಿಸಲಿಲ್ಲ.

"ಎಂತ ಮಾರಾಯ್ರೆ ಇದು? ಅಣ್ಣ ತಮ್ಮ ಮಾತಾಡುದಿಲ್ಲ, ನಿಮ್ಮ ಒಂದು ಮಾತಿಂದ. ನೀವು ಇಲ್ಲಿ ಕೂತು ಚಾ ಕುಡೀತಾ ಇದ್ದೀರಿ."

"ಕೆಲಸ ಹೋದ್ರೆ ಎಂತ ಮಾಡುದು ಬ್ಯಾರಿಗಳೇ? ಮಕ್ಕಳದ್ದು ಶಾಲೆ ಉಂಟು, ಮನೆ ಅರ್ಧಕ್ಕೆ ನಿಂತಿದೆ."

"ಹೋದ್ರೆ ಹೋಯ್ತು. ಎಕ್ಸಿಟ್ ಹೊಡೀತಾರೆ, ಊರಿಗೆ ಹೋಗುದು. ಆ ತಾಯಿ ಕಾದು ಕಾದು ಹೋದದ್ದಲ್ವಾ ಪೊರ್ಬುಗಳೇ? ಅದು ಎಲ್ಲಿಂದ ತಂದು ಕೊಡ್ತೀರಿ?"

ಅವರು ತುಂಬಿದ ಲೋಟವನ್ನು ಹಾಗೇ ಕೆಳಗಿಟ್ಟರು. ನಮಾಜಿಗೆ ಎದ್ದು ಹೋದರು. ನಾನು ರೋಸರಿ ಹಿಡಿದು ಕೂತೆ, ಆದರೆ ಒಂದು ಪ್ರಾರ್ಥನೆಯೂ ಮುಂದೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಚೀಫರ ಕೋಣೆಗೆ ಹೋಗಿ ಲಕೋಟೆಯನ್ನು ಅವರ ಮುಂದಿಟ್ಟೆ. ಅವರು ಅಂಟು ಬಿಡಿಸಿ ಹಾಳೆ ತೆಗೆದರು.

"ನೀನು ಇದನ್ನು ಓದಿದ್ದೆಯಾ?"

"ಓದಿದ್ದೆ ಸರ್."

"ಪೂರ್ತಿ?"

ಸ್ಕೋರು ಮಾತ್ರ ನೋಡಿದ್ದೆ ಎಂದು ಹೇಳಬಹುದಿತ್ತು. ಅವರು ನಂಬುತ್ತಿದ್ದರು, ಬಹುಶಃ ನಂಬಬೇಕೆಂದೇ ಹಾಗೆ ಕೇಳಿದ್ದರು. "ಪೂರ್ತಿ ಸರ್" ಎಂದೆ. ಎರಡು ವಾರದಲ್ಲಿ ನಾನು ಅವರೊಡನೆ ಆಡಿದ ನೇರವಾದ ಮಾತು ಅದೊಂದೇ.

ಅವರು ಹಾಳೆಯನ್ನು ಮೇಜಿನ ಮೇಲೆ ಹರವಿ ಸ್ಕೋರಿನ ಮೇಲೆ ಬೆರಳಿಟ್ಟರು. ಮತ್ತೆ ತಲೆ ಎತ್ತದೆ, "ಹಾಗಾದರೆ ನಾವು ಸೋತೆವು, ಒಂದು ಅಂಕದಿಂದ" ಎಂದರು. ನನ್ನ ಮೇಜಿಗೆ ಬಂದು ಫೋನು ಎತ್ತಿಕೊಂಡು ತಮ್ಮನ ನಂಬರು ಒತ್ತತೊಡಗಿದಾಗ ನಾನು ಹೊರಗೆ ಹೋಗಿ ಬಿಸಿಲಿನಲ್ಲಿ ನಿಂತೆ. ಏನು ಮಾತಾಡಿದರೋ ತಿಳಿಯದು. ಕಿಟಕಿಯಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು, ಅದು ಅಲುಗುತ್ತಿತ್ತು. ನಾನು ಮೂರು ದಿನ ಕೆಲಸದಿಂದ ತೆಗೆಯುವ ಕಾಗದಕ್ಕಾಗಿ ಕಾದೆ. ಅದು ಬರಲಿಲ್ಲ.

ಅದೇ ವಾರ ಕ್ಯಾಸೆಟ್ಟು ಬಂತು, ಆ ಪಂದ್ಯದ್ದೇ. ತಲೆನೋವೆಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಕಿರಿಯ ಎಂಜಿನಿಯರ್ ಬಿಡಲಿಲ್ಲ, ನೀನಿಲ್ಲದೆ ಮಜಾ ಇಲ್ಲ ಎಂದು ಎಳೆದುಕೊಂಡೇ ಹೋದ. ಚೀಫ್ ಟಿವಿಯ ಹತ್ತಿರದ ಕುರ್ಚಿಯಲ್ಲಿದ್ದರು. ನಾನು ಬಂದದ್ದನ್ನು ಕಂಡರು, ತಲೆಯಾಡಿಸಿದರು, ಅಷ್ಟೆ.

ಪಂದ್ಯ ಕೊನೆಯವರೆಗೂ ಸಮಸಮ. ನಾಲ್ವರು ನನ್ನ ಮುಖ ಓದುತ್ತ ಗಲಾಟೆ ಮಾಡಿದರು. ಕ್ಯಾಮೆರಾದವನನ್ನು ಬೈದರು, ಕಾಮೆಂಟರಿಯವನನ್ನು ಅಣಕಿಸಿದರು, ಮೊದಲ ಆಟ ಮಾಯವಾದಾಗಲೆಲ್ಲ ಎಂದಿನಂತೆ ತಮ್ಮನನ್ನು ಬೈಯಲು ಹೋಗಿ, ನೆನಪಾಗಿ ಸುಮ್ಮನಾದರು. ಚೀಫ್ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಫಲಿತಾಂಶ ಗೊತ್ತಿದ್ದವರು ಕೋಣೆಯಲ್ಲಿ ಅಂದು ಇಬ್ಬರು. ಚೀಫ್ ಅದನ್ನು ಯಾರಿಗೂ ಕಾಣಗೊಡಲಿಲ್ಲ. ಎದುರಾಳಿ ಒದ್ದ ಕೊನೆಯ ಚೆಂಡು ಗುರಿ ತಪ್ಪಿಯೂ ಆ ಒಂದು ಅಂಕ ಎದುರಾಳಿಗೆ ಸಿಕ್ಕಾಗ ಅವರೂ ಎಲ್ಲರಂತೆ ಅಯ್ಯೋ ಎಂದು ತಲೆ ಹಿಡಿದುಕೊಂಡರು.

"ಇನ್ನು ಲಕೋಟೆ!" ಎಂದ ಕಿರಿಯವನು ನನ್ನ ಕಡೆ ಕೈ ಚಾಚಿ. "ಪತ್ರಿಕೆಯವರು ಏನು ಬರೆದಿದ್ದಾರೆ ನೋಡೋಣ, ಕೊಡು."

ಹೇಳಲು ಅದೇ ಹೊತ್ತು ಎಂದು ನನಗೆ ಗೊತ್ತಾಯಿತು. ನಾಲ್ವರೂ ಕೇಳುತ್ತಿದ್ದರು. ನಾನು ಬಾಯಿ ತೆರೆದೆ.

"ಲಕೋಟೆ ಇಲ್ಲ" ಎಂದರು ಚೀಫ್, ನನ್ನ ಕಡೆ ನೋಡದೆ. "ಆ ವಾರ ತಮ್ಮ ಪಂದ್ಯದ ಫ್ಯಾಕ್ಸ್ ಕಳಿಸಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಳಲ್ಲ, ಅವನಿಗೆ ಪುರುಸೊತ್ತೆಲ್ಲಿ?"

ಎಲ್ಲರೂ ತಲೆ ತಗ್ಗಿಸಿದರು. ಒಬ್ಬರು ಅವರ ಹೆಗಲು ಮುಟ್ಟಿದರು. ನಾನು ತೆರೆದ ಬಾಯಿಯನ್ನು ಮುಚ್ಚಿದೆ. ಎದ್ದು, ಬ್ಯಾರಿಗಳು ಕಳಿಸಿದ್ದ ಸಮೋಸದ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಅಡುಗೆಮನೆಗೆ ಹೋದೆ. ನಲ್ಲಿ ಬಿಡುವ ಮೊದಲು ಕಿರಿಯವನ ದನಿ ಕೇಳಿಸಿತು. "ಸ್ಕೋರು ಗೊತ್ತಿಲ್ಲದಿದ್ದರೂ ನಮಗಾಗಿ ಆ ಮುಖ ಹಾಕಿಕೊಂಡು ಕೂತಿದ್ದ, ಎಷ್ಟು ಒಳ್ಳೆಯ ಮನುಷ್ಯ ನೋಡಿ" ಎನ್ನುತ್ತಿದ್ದ ಅವನು, ನನ್ನ ಬಗ್ಗೆ.