ಕಡಗ ಬಿಚ್ಚಿ ತೂಗಿದ ತಿಂಗಳು

ನಾನು ಓದಿದ್ದು ಮೂರನೇ ಕ್ಲಾಸು. ಎಂಬತ್ತನೇ ಇಸವಿ ಸುಮಾರಿಗೆ ಕೂಡ್ಲಿಗಿ ಕಡೆಯ ನಮ್ಮೂರಿಗೆ ಅಂಗನವಾಡಿ ಬಂದಾಗ ಆಯಾ ಆಗಿ ಸೇರಿದೆ. ಗೋಧಿ ನುಚ್ಚಿನ ಉಪ್ಪಿಟ್ಟು ಮಾಡುವುದು, ಮಕ್ಕಳಿಗೆ ಉಣ್ಣಿಸುವುದು, ತಿಂಗಳಿಗೊಮ್ಮೆ ಅವರನ್ನು ತೂಗುವುದು ನನ್ನ ಕೆಲಸ. ತೂಕ ಬರೆಯುವವಳು ಟೀಚರ್.

ತೊಲೆಗೆ ಗಡಿಯಾರದಂಥ ಮುಳ್ಳಿನ ತಕ್ಕಡಿ ನೇತುಹಾಕಿ, ಅದರ ಜೋಳಿಗೆಯಲ್ಲಿ ಕೂಸನ್ನು ಕೂರಿಸುತ್ತಿದ್ದೆವು. ಕಣ್ಣು ತಗಲುತ್ತದೆಂದು ತಾಯಂದಿರು ಬರಿಮೈಯಲ್ಲಿ ತೂಗಲು ಬಿಡುತ್ತಿರಲಿಲ್ಲ. ತಲೆಗೆ ಕುಲಾಯಿ, ದಪ್ಪ ಅಂಗಿ, ತಾಯತ, ಎರಡೂ ಕಾಲಿಗೆ ಬೆಳ್ಳಿ ಕಡಗ, ಎಲ್ಲ ಸಮೇತ ತೂಗುತ್ತಿದ್ದೆವು. ಅದು ತಪ್ಪೆಂದು ನಮಗೂ ಅನಿಸಲಿಲ್ಲ.

ಎರಡು ವರ್ಷವಾದ ಮೇಲೆ ಹೊಸ ಆದೇಶ ಬಂತು: ಬಟ್ಟೆ, ಒಡವೆ ತೆಗೆದು ತೂಗಬೇಕು. ತಾಯಂದಿರು ಗೊಣಗುತ್ತಲೇ ಕಡಗ ಬಿಚ್ಚಿದರು.

"ಉಡದಾರಕ್ಕ ಮಾತ್ರ ಕೈ ಹಚ್ಚಬ್ಯಾಡ ಯಕ್ಕಾ, ಅದನ್ನ ಹರಿಯೋದು ಹೆಣಕ್ಕ" ಎಂದಳು ಒಬ್ಬಳು. ಅದನ್ನು ಬಿಟ್ಟೆವು. ಆ ತಿಂಗಳು ಎಲ್ಲ ಮಕ್ಕಳ ತೂಕವೂ ಇಳಿಯಿತು.

ಹದಿನೈದು ದಿನಕ್ಕೆ ಜೀಪು ಬಂತು. ಯೋಜನೆಯಿಂದ ಲಾಭ ಆಗಿದೆಯೋ ಇಲ್ಲವೋ ನೋಡಲು ಬಂದ ಒಬ್ಬ ಸಾಹೇಬರು, ಒಬ್ಬ ಮೇಡಂ. ಸಾಹೇಬರು ತೂಕದ ಪುಸ್ತಕ ನೋಡಿ ಕೇಳಿದರು:

"ಎರಡು ವರ್ಷ ಉಣಿಸಿದ ಮೇಲೆ ಮಕ್ಕಳ ತೂಕ ಇಳಿದಿದೆಯಲ್ಲ? ಉಪ್ಪಿಟ್ಟು ಯಾರ ಹೊಟ್ಟೆಗೆ ಹೋಗ್ತಾ ಇದೆ?"

ಕೇಳುತ್ತಲೇ ನನ್ನ ತೋಳು ನೋಡಿದರು. ಆಗ ನಾನು ದಪ್ಪಗಿದ್ದೆ. ಬಾಗಿಲಲ್ಲಿ ಊರ ಹೆಂಗಸರು ನಿಂತಿದ್ದರು. ಮಕ್ಕಳ ಕೂಳು ಕದ್ದವಳೆಂಬ ಹೆಸರು ಬಂದರೆ ಆ ಊರಲ್ಲಿ ಬಾಳುವುದು ಹೇಗೆ?

ಟೀಚರ್ ನನ್ನನ್ನು ಒಲೆಯ ಹತ್ತಿರ ಎಳೆದಳು. "ಸುಮ್ಕಿರು ಯಕ್ಕಾ. ಮೊದಲು ತಪ್ಪು ತೂಗೀವಿ ಅಂದ್ರ ನನ್ನ ನೌಕರಿ ಹೋಗ್ತೈತಿ."

"ಅನ್ನದಿದ್ರ ನನ್ನ ಮಾನ ಹೋಗ್ತೈತ್ರಿ. ನಿಮಗ ಯಜಮಾನ್ರ ಪಗಾರಾದ್ರೂ ಐತಿ, ನನಗೇನೈತಿ?"

ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡು ಹೋಗಿ ಸಾಹೇಬರ ಎದುರಿಗೇ ತೂಗಿದೆ. ಮೊದಲು ಎಲ್ಲ ಸಮೇತ, ಆಮೇಲೆ ಬಿಚ್ಚಿ. ಮುಳ್ಳು ಮುಕ್ಕಾಲು ಕೆಜಿ ಇಳಿಯಿತು.

"ನೋಡ್ರಿ ಸಾಹೇಬ್ರ, ನಾನು ತಿಂದದ್ದು ಇಷ್ಟು. ಎರಡು ಕಡಗ, ಒಂದು ಅಂಗಿ, ಒಂದು ಕುಲಾಯಿ."

ಬಾಗಿಲಲ್ಲಿದ್ದವರು ನಕ್ಕರು. ಮೇಡಮ್ಮೂ ನಕ್ಕರು. ಸಾಹೇಬರು ನಗಲಿಲ್ಲ.

"ಹಾಗಾದ್ರೆ ಎರಡು ವರ್ಷದ ತೂಕ ಒಂದೂ ಪ್ರಯೋಜನಕ್ಕೆ ಬರಲ್ಲ. ನಿಮ್ಮ ಉಪ್ಪಿಟ್ಟಿನಿಂದ ಮಕ್ಕಳು ಬೆಳೆದ್ರು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಈ ತಿಂಗಳಿಂದ ಹೊಸದಾಗಿ ಲೆಕ್ಕ ಹಿಡೀರಿ. ಮೂರು ತಿಂಗಳಿಗೆ ಬರ್ತೀವಿ. ತೂಕ ಏರದಿದ್ರೆ ಕೇಂದ್ರ ಮುಚ್ಚಿ ಅಂತ ಬರೀತೀವಿ."

ಕಳ್ಳಿ ಎಂಬ ಮಾತು ತಪ್ಪಿತು, ಹೆದರಿಕೆ ತಪ್ಪಲಿಲ್ಲ. ಉಣ್ಣುವ ಮಕ್ಕಳ ಬಾಯಿ ನೋಡುತ್ತಾ ಕೂರುತ್ತಿದ್ದೆ. ಒಲ್ಲೆ ಎಂದವರಿಗೆ ಗದರಿ ತುರುಕಿದೆ. ಕೊನೆಗೆ ತೂಕ ಏರಿತು, ಕೇಂದ್ರ ಉಳಿಯಿತು. ಆದರೆ ಆ ಮೂರು ತಿಂಗಳು ಯಾವ ಕೂಸಿಗೆ ಭೇದಿ ಹತ್ತಿದರೂ ನನ್ನ ಕಣ್ಣಿಗೆ ಮೊದಲು ಬರುತ್ತಿದ್ದುದು ತಕ್ಕಡಿಯ ಮುಳ್ಳು, ಆಮೇಲೆ ಕೂಸು. ಸುಳ್ಳು ಯಾಕೆ ಬರೆಯಲಿ.